ಚಿಕ್ಕಮುನಿಯಮ್ಮನ ಶುಕ್ರವಾರ

ಹೆಣದ ತಲೆದೆಸೆಯಲ್ಲಿ ಉರಿಯುತ್ತಿದ್ದ ಎರಡು ಮೇಣದ ಬತ್ತಿಗಳನ್ನು ದಾಸಪ್ಪ ಕಿತ್ತು ಬೀದಿಗೆ ಎಸೆದ.

“ಯಾವೋಳೇ ಇದ್ನ ಅಚ್ಚಿದ್ದು? ಸತ್ತಿರೋಳು ನನ್ ತಮ್ಮನ್ ಎಂಡ್ರು. ನಮ್ ಕುಲದಾಗೆ ಎಣ್ಣೆ ದೀಪ ಇಡಾದು.”

“ನಾನೇ ದೊಡ್ಡಪ್ಪ,” ಎಂದಳು ಯಮುನಾ. “ಇವತ್ತು ಶುಕ್ರವಾರ. ಇಪ್ಪತ್ತೈದು ವರ್ಷ ಅಮ್ಮ ಹಚ್ಚಿದ್ಲು, ಒಂದು ವಾರಾನೂ ಬಿಟ್ಟೋಳಲ್ಲ.”

“ಅದ್ಕೇ ಏಳಿದ್ದು, ಜಾತಿಗೆಟ್ಟೋಳು ಅಂತ.”

ಸರ್ಜಾಪುರದ ತನ್ನ ಪುಟ್ಟ ಮನೆಯಲ್ಲಿ ಕೂತಿದ್ದ ನೆಂಟರನ್ನು ದಾಟಿಕೊಂಡು, ಬತ್ತಿ ಹೆಕ್ಕಲು ಯಮುನಾ ಹೊರಗೆ ಬಂದಳು. ಗೇಟಿನ ಹತ್ತಿರ ಅಣ್ಣ ಶ್ರೀಧರ್ ನಿಂತಿದ್ದ. ಪಕ್ಕದಲ್ಲಿ ಅವನ ಹನ್ನೊಂದು ವರ್ಷದ ಮಗಳು ದೀಪಶ್ರೀ.

“ಸಿಂಗಸಂದ್ರದಿಂದ ಇಲ್ಲಿಗೆ ಬರೋಕೆ ಎರಡು ವರ್ಷ ಬೇಕಾಯ್ತಾ?”

“ಹೆಣದ ಮುಂದೆ ಜಗಳ ಬೇಡ ಕಣೇ.”

“ಬದುಕಿದ್ದಾಗ ನೀನು ಮಾಡಿದ್ದೇ ಸಾಕು ಬಿಡು.”

*

ಗಂಡ ಸತ್ತ ವರ್ಷ ಚಿಕ್ಕಮುನಿಯಮ್ಮ ವೈಟ್‌ಫೀಲ್ಡಿನಲ್ಲಿ ಮಿರಿಯಂ ಎಂಬ ಯಹೂದಿ ಹೆಂಗಸಿನ ಮಕ್ಕಳನ್ನು ನೋಡಿಕೊಳ್ಳಲು ಸೇರಿದ್ದಳು. ಒಂದು ಮಧ್ಯಾಹ್ನ ಆ ಮಿರಿಯಂ ಸುರಿಯುವ ಮಳೆಯಲ್ಲಿ ಅಂಗಡಿಗೆ ಓಡಿ, ತೊಪ್ಪೆಯಾಗಿ ಬಂದು, ಬೆಳಿಗ್ಗೆ ತಂದುಕೊಡುತ್ತೇನೆ ಎಂದಿದ್ದ ಮಾವಿನಹಣ್ಣನ್ನು ಮಗನ ಮುಂದೆ ಇಟ್ಟಳು.

“ಮಗ ಆಗ್ಲೇ ಮರ್ತೋಗಿತ್ತಲ್ಲ ಮೇಡಂ?”

“ಕೊಡ್ತೀನಿ ಹೇಳಿ ಕೊಡಲ್ಲ ಅಂದ್ರೆ, ನಾನೇ ಮಗೂಗೆ ಸುಳ್ಳು ಕಲಿಸೋದು,” ಎಂದಳು ಮಿರಿಯಂ ತನ್ನ ಹರಕು ಕನ್ನಡದಲ್ಲಿ. “ನಮ್ಮ ಹಿರಿಯರು ಹೇಳಿದ್ದು.”

ಆ ಮಾತು ಚಿಕ್ಕಮುನಿಯಮ್ಮನ ಎದೆಗೆ ನಾಟಿತು. ಯಹೂದಿಗಳ ವಿಶ್ರಾಂತಿ ದಿನ ಶುರುವಾಗುವ ಆ ಮನೆಯ ಶುಕ್ರವಾರವನ್ನೂ ಅವಳು ತನ್ನ ಮನೆಗೆ ತಂದಳು. ಸಂಜೆಯಾದರೆ ಟಿವಿ ಬಂದ್, ಎರಡು ಬತ್ತಿ, ಒಟ್ಟಿಗೆ ಮುದ್ದೆ ಊಟ. ಆಮೇಲೆ ಮಕ್ಕಳಿಬ್ಬರ ತಲೆಯ ಮೇಲೆ ಕೈಯಿಟ್ಟು ಕೇಳುವಳು: “ಈ ವಾರ ನಾನೇನಾರ ಮಾತು ತಪ್ಪಿದ್ನಾ?”

“ಸ್ಕೂಲ್ ಡ್ಯಾನ್ಸಿಗೆ ಬರ್ತೀನಂದು ಬರ್ಲಿಲ್ಲ,” ಎಂದು ಒಮ್ಮೆ ಒಂಬತ್ತು ವರ್ಷದ ಯಮುನಾ ಸಿಡುಕಿದ್ದಳು. ಊಟಕ್ಕೆ ಬಂದಿದ್ದ ಭಾವ ದಾಸಪ್ಪನ ಎದುರಿಗೇ ಅಮ್ಮ, “ತಪ್ಪಾಯ್ತು ಕಣವ್ವ,” ಎಂದಿದ್ದಳು. ದಾಸಪ್ಪ ಅರ್ಧ ಊಟಕ್ಕೇ ಎದ್ದು ಹೋಗಿದ್ದ.

ಎರಡು ವರ್ಷದ ಹಿಂದೆ ಸಿಂಗಸಂದ್ರದ ಮಗನ ಮನೆಯಲ್ಲಿ ಅದೇ ಮಾತು ಎದ್ದಿತು. ದೀಪಶ್ರೀಗೆ ಸೈಕಲ್ ತರುತ್ತೇನೆಂದು ಹೇಳಿ ಹೇಳಿ ಶ್ರೀಧರ್ ತಂದಿರಲಿಲ್ಲ. “ತಂದ್ಕೊಡು, ಇಲ್ಲ ತಪ್ಪಾಯ್ತು ಅನ್ನು,” ಎಂದಳು ಚಿಕ್ಕಮುನಿಯಮ್ಮ.

“ಕಂಡೋರ ಮಕ್ಕಳ ಕುಂಡೆ ತೊಳೆದೋಳು ನಂಗೆ ಬುದ್ಧಿ ಹೇಳ್ತೀಯಾ?”

ಅವಳು ಬಟ್ಟೆ ಗಂಟು ಕಟ್ಟಿ, ಬಸ್ಸು ಹತ್ತಿ, ಮಗಳ ಮನೆಗೆ ಬಂದುಬಿಟ್ಟಳು.

*

ಹೆಣವನ್ನು ಗುಣಿಗೆ ಇಳಿಸಿದರು. ಮೊದಲ ಹಿಡಿ ಮಣ್ಣು ಮಗನದು. ಯಮುನಾ ಅಡ್ಡ ನಿಂತಳು.

“ನೀನು ಹಾಕ್ಬೇಡ.”

“ಸರಿಯೇ ಅತ್ಲಾಗೆ!” ದಾಸಪ್ಪ ಗದರಿದ. “ಎಣ್ಮಗಳು ಏಳ್ದಂಗೆ ನಡೀತದಾ?”

ಶ್ರೀಧರ್ ತಂಗಿಯನ್ನು ಬಳಸಿ ಹೋಗಿ, ಬೊಗಸೆ ತುಂಬ ಮಣ್ಣು ಬಾಚಿ ಮಗಳನ್ನು ಕರೆದ. “ಬಾ ಚಿನ್ನ, ಅಜ್ಜಿಗೆ ನೀನೂ ಒಂದು ಹಿಡಿ ಹಾಕು.”

ದೀಪಶ್ರೀ ಕದಲಲಿಲ್ಲ. “ಭಾನುವಾರ ಅಜ್ಜಿ ಹತ್ರ ಕರ್ಕೊಂಡು ಹೋಗ್ತೀನಿ ಅಂದಿದ್ಯಲ್ಲಪ್ಪ.”

“ಕೆಲಸ ಇತ್ತು ಕಣಮ್ಮ.”

“ಎಲ್ಲಾ ಭಾನುವಾರಾನೂ?”

ಅಣ್ಣನನ್ನು ಇರಿಯಲು ಯಮುನಾ ಎರಡು ವರ್ಷದಿಂದ ಮಸೆದಿಟ್ಟಿದ್ದ ಮಾತುಗಳೆಲ್ಲ ಆ ಒಂದು ಪ್ರಶ್ನೆಯ ಮುಂದೆ ಮೊಂಡಾದವು. ಅವಳು ಅವನ ಮುಖ ನೋಡಿದಳು. ಆಮೇಲೆ ಅವನು ಮಗಳ ಮುಂದೆ ಮಂಡಿಯೂರಿದ.

“ತಪ್ಪಾಯ್ತು.”

“ಥೂ, ಎದ್ದೇಳಲಾ! ಎಣ್ ಕೂಸಿನ್ ಮುಂದೆ ಮಂಡಿ ಊರ್ತೀಯಾ?”

ಶ್ರೀಧರ್ ಏಳಲಿಲ್ಲ. ಯಮುನಾ ಒಂದು ಹೆಜ್ಜೆ ಹಿಂದೆ ಸರಿದಳು. ದೀಪಶ್ರೀ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದಳು. ಅವಳೆದುರು ಚಾಚಿದ ಬೊಗಸೆಯ ಸಂದುಗಳಿಂದ ಮಣ್ಣು ಸಣ್ಣಗೆ ಸೋರಿ, ಅವಳ ಸ್ಕೂಲ್ ಶೂಗಳ ಮೇಲೆ ಬೀಳುತ್ತಿತ್ತು.