ಮೊಝೆಲ್‌ಳ ಹೆಸರು ಬರುವವರೆಗೆ

ಘೋಷಣಾ ಪತ್ರವನ್ನು ಮಹಡಿಯ ಸಭಾಂಗಣದಲ್ಲೇ ಓದುತ್ತಾರೆಂದು ಲುವೀನಿಯಾ ನಂಬಿಕೊಂಡು ಬಂದಿದ್ದಳು. ಕಾರು ನಿಲ್ಲಿಸಿ ನೋಡಿದರೆ ಕೋರ್ಟ್ ಕಟ್ಟಡದ ಕಂಬಗಳಿಗೆಲ್ಲ ನೇರಳೆ ರಿಬ್ಬನ್ನು ಸುತ್ತಿ, ಹೊರಗಿನ ಮೆಟ್ಟಿಲ ಮೇಲೆ ಮೈಕು ಇಟ್ಟಿದ್ದರು. ಮೇ ತಿಂಗಳು, ಗಂಟೆ ಹನ್ನೊಂದೂವರೆ. ಜಾರ್ಜಿಯಾದ ದಕ್ಷಿಣದ ಬಿಸಿಲು ಬಿಳಿ ಕಲ್ಲಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು.

ಕೌಂಟಿ ಕಚೇರಿಯ ಗುಮಾಸ್ತೆ ಕೆಂಡ್ರಾ ಓಡಿ ಬಂದಳು. "ಹೇಗಿದೆ ಅಕ್ಕಾ? ಬೆಳಿಗ್ಗೆ ಆರಕ್ಕೇ ಬಂದು ಒಬ್ಬಳೇ ಕಟ್ಟಿದ್ದು!"

"ತುಂಬಾ ಚೆನ್ನಾಗಿದೆ ಮಗಳೇ. ಓದೋದು ಒಳಗಲ್ವಾ?"

"ಅಧ್ಯಕ್ಷರೇ ಹೊರಗಿಡಿ ಅಂದ್ರು. ಹೆದ್ದಾರೀಲಿ ಹೋಗೋ ಲಾರಿಯವರಿಗೂ ಕಾಣ್ಬೇಕಂತೆ."

ಲುವೀನಿಯಾ ಕಾರಿನಿಂದ ಕೊಡೆ ತೆಗೆದುಕೊಂಡಳು. ಮೇ ತಿಂಗಳನ್ನು ಒಂದು ರೋಗದ ಅರಿವಿಗೆ ಮೀಸಲಿಡುವ ಈ ಕಾಗದಕ್ಕಾಗಿ ಮೂರು ವರ್ಷ ಅಲೆದಿದ್ದಳು. ಮೊದಲ ವರ್ಷ, ಮೇ ತಿಂಗಳು ಪೊಲೀಸರ ವಾರಕ್ಕೆ ಹೋಗಿದೆ ಎಂದರು. ಎರಡನೆಯ ವರ್ಷ ಕೊಟ್ಟ ಅರ್ಜಿಯೇ ಕಚೇರಿಯಲ್ಲಿ ಸಿಗಲಿಲ್ಲ. ಈ ಸಲ ಒಪ್ಪಿದ್ದರು. ಲೂಪಸ್ ಎಂಬ ರೋಗದ ಹೆಸರು ಈ ಕೌಂಟಿಯ ಮೊಹರಿನ ಕೆಳಗೆ ಬರುತ್ತಿತ್ತು. ಕೊನೆಯ ಸಾಲಿನಲ್ಲಿ ಅವಳ ತಂಗಿ ಮೊಝೆಲ್‌ಳ ಹೆಸರೂ ಇತ್ತು. ಅವಳಿಗೆ ಬೇಕಾಗಿದ್ದುದು ಅದೊಂದೇ.

ಮೊಝೆಲ್ ಕುಂಬಳದ ಹೊಲಗಳಲ್ಲಿ ಕೂಲಿ ಮಾಡಿದವಳು. ಮಧ್ಯಾಹ್ನವಾಗುತ್ತಲೇ ಬಂಡಿಯ ಕೆಳಗೆ ನುಸುಳಿ ಮಲಗುತ್ತಿದ್ದಳು. ಮೇಸ್ತ್ರಿ ಸೋಮಾರಿ ಎಂದ, ಊರು ಸೋಮಾರಿ ಎಂದಿತು, ಒಂದು ದಿನ ಲುವೀನಿಯಾಳೂ ಅಂದಳು. ಡಾಕ್ಟರು ನರಗಳ ದೌರ್ಬಲ್ಯ ಎಂದು ಬರೆದುಕೊಟ್ಟರು. ರೋಗಕ್ಕೆ ಹೆಸರು ಸಿಗುವ ಹೊತ್ತಿಗೆ ಎರಡೂ ಮೂತ್ರಪಿಂಡಗಳು ಹೋಗಿದ್ದವು, ಮೂವತ್ನಾಲ್ಕಕ್ಕೆ ಮಣ್ಣಾದಳು. ಆರು ವರ್ಷದ ಮೇಲೆ ಅದೇ ರೋಗ ಕೆಂಪು ಗಂದೆಯಾಗಿ ಲುವೀನಿಯಾಳ ಕೆನ್ನೆಗಳ ಮೇಲೂ ಬಂದು ಕೂತಿತು.

ಮೆಟ್ಟಿಲಿನಿಂದ ಇಪ್ಪತ್ತು ಹೆಜ್ಜೆಗೆ ಓಕ್ ಮರವೊಂದಿತ್ತು. ಬುಧವಾರ ಬುಧವಾರ ಚರ್ಚಿನ ಅಡುಗೆಕೋಣೆಯಲ್ಲಿ ಸೇರುವ ಆರು ಜನ ಹೆಂಗಸರು, ಎಲ್ಲರೂ ಇದೇ ರೋಗದವರು, ಉದ್ದ ತೋಳಿನ ಅಂಗಿ ತೊಟ್ಟು ಅದರ ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಎಲ್ಲರಿಗಿಂತ ಹಿರಿಯಳು, ಚರ್ಚಿನವರೆಲ್ಲ ಗೌರವದಿಂದ 'ಮದರ್' ಎಂದು ಕರೆಯುವ ಬ್ಯಾಸ್ಕಿನ್.

"ಏನೇ, ಅಲ್ಲಿ ನಿಲ್ತೀಯಾ?" ಎಂದಳು ಮುದುಕಿ. "ತಲೆ ನೆಟ್ಟಗಿದೆಯೇನೇ?"

"ಹತ್ತು ನಿಮಿಷ ಅಷ್ಟೇ ಮದರ್. ಕೊಡೆ ಇದೆ."

"ಡೀಕನ್ ಟಾರ್ವರ್ ಹತ್ತು ನಿಮಿಷಕ್ಕೆ ಮುಗಿಸಿದ್ದು ಯಾವತ್ತು? ಊಟಕ್ಕೆ ಮುಂಚಿನ ಪ್ರಾರ್ಥನೆಗೇ ಅವನಿಗೆ ಅರ್ಧ ಗಂಟೆ ಬೇಕು. ಅವನ ಬಾಯಿಂದ ಸಾರು ತಣ್ಣಗಾದ್ದು ಎಷ್ಟು ಸಲ!"

ಹೆಂಗಸರು ನಕ್ಕರು. ಲುವೀನಿಯಾಳೂ ನಕ್ಕು ಮೆಟ್ಟಿಲು ಹತ್ತಿದಳು.

ಕೌಂಟಿಯ ಅಧ್ಯಕ್ಷ ಟಾರ್ವರ್ ಭಾನುವಾರಗಳಂದು ಅವರ ಚರ್ಚಿನಲ್ಲಿ ಪ್ರಾರ್ಥನೆ ನಡೆಸುವ ಡೀಕನ್. ದಪ್ಪ ಕಟ್ಟಿನ ಗಾಜಿನ ಚೌಕಟ್ಟಿನೊಳಗಿದ್ದ ಘೋಷಣೆಯ ಒಂದು ಬದಿಯನ್ನು ತಾನು ಹಿಡಿದು, ಇನ್ನೊಂದನ್ನು ಅವಳ ಕೈಗೆ ಕೊಟ್ಟ. ವಾರಪತ್ರಿಕೆಯ ಛಾಯಾಗ್ರಾಹಕ ಕೆಳಗಿನಿಂದ ಕೂಗಿದ, "ಕೊಡೆ ಮುಚ್ಚಿ ಅಮ್ಮಾ, ಅಧ್ಯಕ್ಷರ ಮುಖ ಕಪ್ಪಗೆ ಬೀಳ್ತಿದೆ."

"ಹುಟ್ಟಿದಾಗಿಂದ ಅದು ಕಪ್ಪೇ ಕಣಪ್ಪಾ," ಎಂದ ಟಾರ್ವರ್. ಜನ ಗೊಳ್ಳೆಂದು ನಕ್ಕರು. ಆ ನಗುವಿನ ನಡುವೆಯೇ ಕೆಂಡ್ರಾ ಕೊಡೆ ತೆಗೆದುಕೊಂಡು ಹೋದಳು.

ಅವನು ಓದತೊಡಗಿದ. ಪ್ರತಿ ಸಾಲೂ 'ಹೀಗಿರುವಲ್ಲಿ' ಎಂದು ಶುರುವಾಗುತ್ತಿತ್ತು. ಹೀಗಿರುವಲ್ಲಿ, ಇದು ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ರೋಗ. ಹೀಗಿರುವಲ್ಲಿ, ಇದು ಹೆಚ್ಚಾಗಿ ಹೆಂಗಸರನ್ನು, ಅದರಲ್ಲೂ ಕಪ್ಪು ಹೆಂಗಸರನ್ನು ಹಿಡಿಯುತ್ತದೆ. ಕೆನ್ನೆಗಳ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಂತೆ ಲುವೀನಿಯಾಳಿಗೆ ಅನ್ನಿಸಿತು. ಬೆರಳ ಗೆಣ್ಣುಗಳು ಮೆಲ್ಲಗೆ ಬಿಗಿಯಲು ಹತ್ತಿದವು. ಕೈ ಬಿಟ್ಟರೆ ಗಾಜು ಕಲ್ಲಿನ ಮೇಲೆ ಬೀಳುತ್ತಿತ್ತು.

"ಹೀಗಿರುವಲ್ಲಿ, ಬಿಸಿಲು ಈ ರೋಗವನ್ನು ಕೆರಳಿಸುತ್ತದೆ ಮತ್ತು ರೋಗಿಗಳು ಅದರಿಂದ ದೂರವಿರತಕ್ಕದ್ದು," ಎಂದು ಟಾರ್ವರ್ ಓದಿದ.

ಮರದ ಕೆಳಗಿನಿಂದ ಮದರ್ ಬ್ಯಾಸ್ಕಿನ್ ದನಿ ಎತ್ತಿದಳು. "ಏನಂದೆ? ಇನ್ನೊಂದ್ಸಲ ಓದು ಡೀಕನ್!"

"ಓದು, ಓದು! ಕೇಳಿಸ್ಲಿ!" ಎಂದರು ಉಳಿದವರು.

ಅವರ ಚರ್ಚಿನಲ್ಲಿ ಮಾತು ಎದೆಗೆ ತಾಗಿದಾಗ ಜನ ಕೂಗುವುದೇ ಹೀಗೆ. ಟಾರ್ವರ್‌ನ ಮುಖ ಅರಳಿತು. ಬೋಧನೆಗೆ ನಿಂತವನಂತೆ ದನಿ ಏರಿಸಿ ಅದೇ ಸಾಲನ್ನು ನಿಧಾನವಾಗಿ, ಒಂದೊಂದು ಪದಕ್ಕೂ ನಿಂತು ನಿಂತು, ಇನ್ನೊಮ್ಮೆ ಓದಿದ.

"ಕಣ್ಣು ಬಿಟ್ಟು ಓದೋ!" ಎಂದು ಮುದುಕಿ ಕಿರುಚಿದಳು.

"ಆಮೆನ್!" ಎಂದು ರಸ್ತೆಯ ಕಡೆಯವರೂ ದನಿಗೂಡಿಸಿದರು. ಟಾರ್ವರ್ ಮೂರನೆಯ ಸಲ ಓದಿದ. ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿಲ್ಲ. ಪ್ರತಿ ಸಾಲನ್ನೂ ಎರಡೆರಡು ಸಲ ಓದಿದ, ನಡುವೆ ತನ್ನ ತಾಯಿಯ ಸಂಧಿವಾತದ ಕಥೆಯನ್ನೂ ಹೇಳಿದ. ಮರದ ಕಡೆಯಿಂದ ದನಿ ನಿಂತಿತು. ಕೂಗಿದಷ್ಟೂ ಓದು ಉದ್ದವಾಗುತ್ತದೆಂದು ಆ ಹೆಂಗಸರಿಗೆ ತಿಳಿದುಹೋಗಿತ್ತು.

ಇಳಿದು ಹೋಗಿಬಿಡಬಹುದಿತ್ತು, ಇಪ್ಪತ್ತೇ ಹೆಜ್ಜೆ. ಆದರೆ ಹೋದರೆ ಈ ಹೆಂಗಸಿಗೆ ಕೊಟ್ಟ ಮರ್ಯಾದೆ ಉಳಿಸಿಕೊಳ್ಳಲು ಬರಲಿಲ್ಲ ಎನ್ನುತ್ತಾರೆ, ಅಕ್ಕನೂ ತಂಗಿಯ ಹಾಗೇ ಎನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಮೊಝೆಲ್‌ಳ ಹೆಸರಿನ ಸಾಲು ಇನ್ನೂ ಬಂದಿರಲಿಲ್ಲ. ಅವಳು ನಿಂತೇ ಇದ್ದಳು.

ಗೋಪುರದ ಗಡಿಯಾರ ಹನ್ನೆರಡು ಹೊಡೆಯಿತು. ಟಾರ್ವರ್ ಕರವಸ್ತ್ರದಿಂದ ಹಣೆ ಒರೆಸಿಕೊಂಡ. "ಉಳಿದದ್ದು ಕಾಗದದಲ್ಲಿದೆ ಮಹಾಜನರೇ, ಓದ್ಕೊಳ್ಳಿ. ಈಗ ಫೋಟೋ."

"ಇನ್ನೊಂದು ಸಾಲಿದೆ," ಎಂದಳು ಲುವೀನಿಯಾ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು.

"ಬಿಸಿಲು ಜಾಸ್ತಿ ಆಯ್ತಲ್ಲ ತಂಗೀ. ಜನ ಪಾಪ ಬೇಯ್ತಿದ್ದಾರೆ."

"ಓದಿ ಡೀಕನ್. ನಾನೂ ನಿಂತಿದ್ದೀನಿ."

ಅವನು ಅವಳ ಮುಖ ನೋಡಿದ. ಏನು ಕಂಡನೋ, ಕನ್ನಡಕ ಮತ್ತೆ ಏರಿಸಿಕೊಂಡು ಓದಿದ. ಮೊಝೆಲ್ ಡೆಲೋರಿಸ್ ಪಿಟ್‌ಮನ್, ಈ ಕೌಂಟಿಯ ಮಗಳು, ಹೊಲದಲ್ಲಿ ದುಡಿದವಳು. ಮೈಕಿನಿಂದ ಹೊರಟ ಹೆಸರು ರಸ್ತೆಯಾಚೆಯ ಬೀಜದ ಅಂಗಡಿಯ ಗೋಡೆಗೆ ಬಡಿದು ತಿರುಗಿ ಬಂತು. ಅವಳು ಅದನ್ನು ಪೂರ್ತಿ ಕೇಳಿಸಿಕೊಂಡಳು. ಫೋಟೋಗೂ ನಿಂತಳು. ಕೆಳಗಿಳಿದದ್ದು ಹೇಗೆಂದು ಮಾತ್ರ ಅವಳಿಗೆ ನೆನಪಿಲ್ಲ.

ಒಂಬತ್ತು ದಿನ ಜ್ವರ. ಶಾಲೆಯ ಅಡುಗೆಮನೆಯಲ್ಲಿ ಅವಳು ಮಾಡುತ್ತಿದ್ದ ಕೆಲಸಕ್ಕೆ ಬೇರೆಯವರನ್ನು ಹಾಕಿಕೊಂಡರು. ಬಾಚಣಿಗೆ ಹಿಡಿಯಲೂ ಬೆರಳು ಮಡಿಸಲು ಬರುತ್ತಿರಲಿಲ್ಲ. ಹತ್ತನೆಯ ದಿನ ಕೆಂಡ್ರಾ ಫೋನು ಮಾಡಿದಳು.

"ಅಕ್ಕಾ, ಪೇಪರಿನ ಮೊದಲ ಪುಟದಲ್ಲೇ ಬಂದಿದೆ! ಅದನ್ನ ನೋಡ್ಕೊಂಡು ಇಬ್ಬರು ಹೆಂಗಸರು ಕಚೇರಿಗೇ ಬಂದಿದ್ರು. ನಮ್ಗೂ ಹೀಗೇ ಆಗುತ್ತೆ, ಯಾವ ಡಾಕ್ಟರತ್ರ ಹೋಗ್ಬೇಕು ಅಂತ. ಒಬ್ಬಳಿಗೆ ಇನ್ನೂ ಇಪ್ಪತ್ತಾಗಿಲ್ಲ, ಕೋಳಿ ಫಾರಮ್ಮಿನ ಹುಡುಗಿ. ನಿಮ್ಮ ನಂಬರು ಕೊಟ್ಟಿದ್ದೀನಿ."

ಲುವೀನಿಯಾ ಕಣ್ಣು ಮುಚ್ಚಿಕೊಂಡಳು. "ಒಳ್ಳೇದು ಮಾಡ್ದೆ ಮಗಳೇ."

"ಇದು ಒಂದು ವರ್ಷಕ್ಕಷ್ಟೇ ಅಲ್ವಾ, ಪ್ರತಿ ಮೇ ತಿಂಗಳೂ ಹೊಸದಾಗಿ ಅರ್ಜಿ ಹಾಕ್ಬೇಕು. ಮರೆಯೋಕ್ ಮುಂಚೆ ಮುಂದಿನ ವರ್ಷದ್ದು ಈಗ್ಲೇ ಬರ್ಕೊಳ್ತೀನಿ. ಎಲ್ಲಾ ಇದೇ ಇರ್ಲಾ?"

"ಮೊಝೆಲ್ ಹೆಸರು ಮೊದಲನೇ ಸಾಲಿಗೆ ಹಾಕು."

"ಹೆಸರು ಕೊನೆಗೆ ಬರೋದು ಕ್ರಮ ಅಕ್ಕಾ."

"ಅಷ್ಟೊತ್ತು ನನ್ನ ಕೈಲಿ ನಿಲ್ಲೋಕಾಗಲ್ಲ ಕಣೇ."

"ಯಾಕೆ, ಕಾಲು ನೋವಾ?"

ಆ ಘೋಷಣೆಯ ಒಂದೊಂದು ಅಕ್ಷರವನ್ನೂ ಟೈಪು ಮಾಡಿದ್ದು ಇದೇ ಹುಡುಗಿ. ಲುವೀನಿಯಾಳಿಗೆ ಸಿಟ್ಟು ಬರಬೇಕಿತ್ತು, ಅದಕ್ಕೂ ಶಕ್ತಿ ಇರಲಿಲ್ಲ.

"ಬಿಸಿಲು ಕೆಂಡ್ರಾ," ಎಂದಳು. "ಬಿಸಿಲು."

ಆ ಕಡೆ ಕೀಲಿಮಣೆಯ ಟಕಟಕ ನಿಂತಿತು. ಹುಡುಗಿ ತಗ್ಗಿದ ದನಿಯಲ್ಲಿ ಕೇಳಿದಳು, "ಒಳಗೇ ಇಡಿಸ್ಲಾ ಅಕ್ಕಾ? ಫೋಟೋದವರು ಅಲ್ಲಿಗೆ ಬರಲ್ಲ, ಆದ್ರೂ ಪರವಾಗಿಲ್ಲ."

ಲುವೀನಿಯಾ ಇನ್ನೂ ಇಪ್ಪತ್ತಾಗದ ಆ ಕೋಳಿ ಫಾರಮ್ಮಿನ ಹುಡುಗಿಯನ್ನು ನೆನೆದಳು.

"ಮೆಟ್ಟಿಲ ಮೇಲೇ ಇರ್ಲಿ," ಎಂದಳು. "ಹೆಸರು ಮಾತ್ರ ಮೊದಲಿಗೆ ಹಾಕು."