ಹೊರಗಿನ ಚಿಲಕ

ಬಚ್ಚಲುಮನೆಯೊಳಗಿಂದ ಚಿಕ್ಕಪ್ಪ ಗಂಟಲು ಹರಿಯುವಂತೆ ಹಾಡುತ್ತಿದ್ದರು. ಸಾವಿನ ಮನೆಯಲ್ಲಿ ಇದೆಂಥ ಹಾಡು ಎಂದು ಸರ್ಕಾರಿ ವಕೀಲೆ ಬೆಚ್ಚಿ ನೋಡಿದರು.

“ಈ ಮನೇಲಿ ಯಾವ ಬಾಗಿಲಿಗೂ ಚಿಲಕ ಇಲ್ಲ ಮೇಡಂ,” ಎಂದಳು ತಂಗಿ. “ಎಲ್ಲಾ ಅಕ್ಕನೇ ಕೀಳಿಸಿದ್ಲು. ಒಳಗಿರೋರು ಹಾಡ್ತಾನೇ ಇರ್ಬೇಕು, ಇಲ್ದಿದ್ರೆ ಯಾರಾದ್ರೂ ನುಗ್ಗಿಬಿಡ್ತಾರೆ.”

“ಬಂದ ನೆಂಟರೆಲ್ಲ ವಿದ್ವಾಂಸರಾಗಿ ವಾಪಸ್ ಹೋಗ್ತಾರೆ ಅಂತಿದ್ಲು,” ಎಂದ ಅಣ್ಣ. ನಗಲು ಹೋದವನ ಮುಖ ಅಳುವಿಗೆ ತಿರುಗಿತು.

ಅಕ್ಕ ನಡುಮನೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದಳು. ಐವತ್ತೊಂದು ವರ್ಷ, ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಬೀದಿಯವರ ಬಟ್ಟೆಯನ್ನೆಲ್ಲ ಹೊಲಿದವಳು ಅವಳೇ. ಚಳಿಯಿರಲಿ, ಗಾಳಿಯಿರಲಿ, ಹೊಲಿಗೆ ಯಂತ್ರ ಮಾತ್ರ ತೆರೆದ ಬಾಗಿಲ ಪಕ್ಕದಲ್ಲೇ. ಈಗಲೂ ಅದರ ಸೂಜಿಯಡಿ ಯಾವುದೋ ಮಗುವಿನ ಅರೆಹೊಲಿದ ಅಂಗಿ ಸಿಕ್ಕಿಕೊಂಡಿತ್ತು.

ವಕೀಲೆ ದನಿ ತಗ್ಗಿಸಿದರು. “ನಿಮ್ಮಕ್ಕನ ಕೇಸಲ್ಲಿ ಮೇಷ್ಟ್ರ ಅಪರಾಧ ಸಾಬೀತಾಗಿದೆ. ನಾಳೆ ಶಿಕ್ಷೆ ಎಷ್ಟು ಅನ್ನೋ ವಾದ. ಮೂವತ್ತೆಂಟು ವರ್ಷದ ಹಿಂದಿನ ಕಾನೂನಿನ ಪ್ರಕಾರಾನೇ ಕೊಡ್ಬೇಕು. ಮೇಷ್ಟ್ರಿಗೆ ಈಗ ಎಂಬತ್ತೊಂದು. ಅದು ಯೋಚಿಸಿ ಮಾಡಿದ್ದಲ್ಲ, ಕೋಣೆಗೆ ಒಳಗಡೆ ಚಿಲಕಾನೇ ಇರ್ಲಿಲ್ಲ, ಹುಡುಗಿ ಎದ್ದು ಬರಬಹುದಿತ್ತು ಅಂತಾರೆ ಅವರ ವಕೀಲರು. ಜಡ್ಜು ಒಪ್ಪಿದ್ರೆ ಜೈಲೇ ಇಲ್ಲ.”

“ಹೋದೋಳು ಹೋದ್ಲು,” ಎಂದ ಅಣ್ಣ, ಜೇಬಿನಿಂದ ಕಾಗದ ತೆಗೆದು. “ಆ ಮುದುಕ ಇವತ್ತೋ ನಾಳೆಯೋ ಅಂತಿದ್ದಾನೆ. ಶಿಕ್ಷೆ ಕಮ್ಮಿ ಮಾಡಿದ್ರೆ ಮನೆಯವರ ಆಕ್ಷೇಪಣೆ ಇಲ್ಲ ಅಂತ ಬರೆದಿದೀನಿ. ನೀನೂ ಒಂದು ಸಹಿ ಹಾಕು ಮಾರಾಯ್ತಿ. ಇನ್ನೆಷ್ಟು ವರ್ಷ ಇದನ್ನ ಹೊತ್ಕೊಂಡು ತಿರುಗೋಣ?”

ತಂಗಿ ಅದನ್ನು ಓದಿ, ಸಹಿ ಹಾಕದೆ ಅವನ ಜೇಬಿಗೇ ಮರಳಿಸಿದಳು. ಹಾಕಿದರೂ ಕಷ್ಟ, ಬಿಟ್ಟರೂ ಕಷ್ಟ.

*

ಆಗ ಅಕ್ಕನಿಗೆ ಹದಿಮೂರು, ತಂಗಿಗೆ ಎಂಟು. ಇಬ್ಬರೂ ಆ ಮೇಷ್ಟ್ರ ಮನೆಗೆ ಲೆಕ್ಕ ಕಲಿಯಲು ಹೋಗುತ್ತಿದ್ದರು.

“ಪುಟ್ಟೀ, ಇವತ್ತು ನೀನು ಕಾವಲುಗಾರ. ಹೊರಗಿಂದ ಚಿಲಕ ಹಾಕು. ನಾನು ಮೂರು ಸಲ ತಟ್ಟಿದ್ರೆ ಮಾತ್ರ ತೆಗೀಬೇಕು, ಆಯ್ತಾ?” ಎಂದರು ಮೇಷ್ಟ್ರು ಒಂದು ದಿನ.

ಚಿಲಕ ಎಟುಕುತ್ತಿರಲಿಲ್ಲ. ಅದಕ್ಕೆಂದೇ ಬಾಗಿಲ ಹೊರಗೆ ಸ್ಟೂಲು ಇಟ್ಟಿತ್ತು. ತಂಗಿ ಹತ್ತಿ ಚಿಲಕ ಹಾಕಿದಳು.

ಒಳಗಿಂದ ಬೇಗನೇ ಸದ್ದು ಬಂತು. ಅವಳು ಎಣಿಸಿದಳು. ನಾಲ್ಕು, ಐದು, ಒಂಬತ್ತು. ಮೂರಲ್ಲ. ಆಟ ಕೆಡಿಸಬಾರದೆಂದು ಸುಮ್ಮನೆ ನಿಂತಳು. ಆಮೇಲೆ ಶಹಭಾಸ್ ಅನ್ನಿಸಿಕೊಂಡು ಪೆಪ್ಪರ್‌ಮಿಂಟ್ ತಿಂದಳು.

ಬಾಗಿಲು ತೆರೆಯಲಾಗಲಿಲ್ಲ ಎಂದು ಅಕ್ಕ ಕೋರ್ಟಿನಲ್ಲಿ ಹೇಳಿದ್ದಳು. ಚಿಲಕ ಹಾಕಿದ್ದು ಯಾರೆಂದು ಕೇಳಿದಾಗ ಮಾತ್ರ, “ನೆನಪಿಲ್ಲ” ಎಂದಳು. ಇಡೀ ಬೀದಿಯವರ ಅಳತೆಯನ್ನು ಒಂದು ಚೀಟಿಯೂ ಇಲ್ಲದೆ ಬಾಯಲ್ಲೇ ಹೇಳುತ್ತಿದ್ದ ಅಕ್ಕ!

*

ಶವದ ಗಾಡಿ ಬಂತು. ಅಕ್ಕನನ್ನು ಒಳಗೆ ಮಲಗಿಸಿದರು.

“ಬಾಗಿಲು ಹಾಕಿ ಚಿಲಕ ಎಳೀರಮ್ಮ,” ಎಂದ ಚಾಲಕ. “ಅದು ಹೊರಗಿಂದಲೇ ಬೀಳೋದು.”

ತಂಗಿಯ ಕೈ ಚಿಲಕದವರೆಗೆ ಹೋಗಿ ನಿಂತಿತು.

“ಹಾಕಲ್ಲ.”

“ಹಾಗಂದ್ರೆ ಏನೇ?” ಎಂದ ಅಣ್ಣ.

“ಅವತ್ತು ಹಾಕಿದ್ದು ನಾನು ಕಣೋ. ಮೇಷ್ಟ್ರು ಮೊದಲೇ ಸ್ಟೂಲು ಇಟ್ಟಿದ್ರು. ಅಕ್ಕ ಬಾಗಿಲು ಬಡೀತಿದ್ಲು, ನಾನು ಎಣಿಸ್ತಾ ನಿಂತಿದ್ದೆ.”

ವಕೀಲೆ ಹತ್ತಿರ ಬಂದು ಕೇಳಿದರು. “ಇದನ್ನ ನಾಳೆ ಹೇಳ್ತೀರಾ? ಇಷ್ಟು ವರ್ಷ ಎಲ್ಲಿದ್ದೆ ಅಂತ ಅವರು ನಿಮ್ಮನ್ನೇ ಹರಿದು ತಿಂತಾರೆ.”

“ಬಾಗಿಲ ಹೊರಗೇ ನಿಂತಿದ್ದೆ ಅಂತೀನಿ.”

ಬಾಗಿಲು ತೆರೆದುಕೊಂಡು ಓಡಿಸಲಾಗದು ಎಂದು ಚಾಲಕ ಗೊಣಗಿದ. ಆದರೂ ಗಾಡಿ ನಡಿಗೆಯ ವೇಗದಲ್ಲಿ ಹೊರಟಿತು. ಒಂದು ಬಾಗಿಲನ್ನು ತಂಗಿ ಹಿಡಿದಿದ್ದಳು. ಇನ್ನೊಂದನ್ನು, ಅವಳ ಮುಖ ನೋಡದೆ, ಅಣ್ಣ ಹಿಡಿದಿದ್ದ. ಕಾಗದ ಇನ್ನೂ ಅವನ ಜೇಬಿನಲ್ಲೇ ಇತ್ತು. ತಲೆ ಒರೆಸಿಕೊಳ್ಳುತ್ತ ಹಿಂದೆ ಬಂದ ಚಿಕ್ಕಪ್ಪ, ಬಾಗಿಲಿಗೆ ಚಿಲಕ ಹಾಕದಿರುವುದನ್ನು ಕಂಡು, ಅಕ್ಕನ ಪರವಾಗಿ ಮೆಲ್ಲಗೆ ಹಾಡತೊಡಗಿದರು.