ಚರ್ಬಿ ಬೇರೆ, ಖಂಡ ಬೇರೆ

ಈ ಕಥೆಯನ್ನು ಏಳು ಸಲ ಬರೆದು ಏಳು ಸಲವೂ ಹರಿದಿದ್ದೇನೆ. ಎಲ್ಲಿಂದ ಶುರು ಮಾಡಬೇಕು ಎಂಬುದು ಗೊತ್ತಿಲ್ಲದೆ ಅಲ್ಲ. ಗೊತ್ತಿದೆ. ಅಲ್ಲಿಂದ ಶುರು ಮಾಡಿದರೆ ನಾನು ಸಿಕ್ಕಿಬೀಳುತ್ತೇನೆ, ಅದಕ್ಕೆ.

ಒಂದು ಡ್ರಾಫ್ಟ್ ಹೀಗಿತ್ತು: "೧೯೭೭ರಲ್ಲಿ ಸೇಡಂನ ಗುಲಾಮ್ ರಸೂಲ್ ಎಂಬ ಮಟನ್ ವ್ಯಾಪಾರಿ ಇದ್ದಕ್ಕಿದ್ದಂತೆ ತನ್ನ ಮನೆಯಲ್ಲಿ ಮಾಂಸ ಬೇಯಿಸುವುದನ್ನು ನಿಲ್ಲಿಸಿಬಿಟ್ಟ." ವಾಕ್ಯ ಚೆನ್ನಾಗಿದೆ. ನಿಮಗೆ ಕುತೂಹಲವೂ ಹುಟ್ಟುತ್ತದೆ. ಆದರೆ 'ಇದ್ದಕ್ಕಿದ್ದಂತೆ' ಎಂಬುದು ಸುಳ್ಳು. (ಆ ಪದ ಕಂಡಲ್ಲೆಲ್ಲ ಬರೆದವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ತಿಳಿಯಿರಿ. ಅನುಭವದ ಮಾತು.)

೧

ನಾನು ಆಗ ಸೇಡಂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಸ್ವಂತ ಊರು ಚಿತ್ತಾಪುರ. ನನ್ನ ಬಾಡಿಗೆ ಖೋಲಿಯ ಒಂದು ಗೋಡೆ ರಸೂಲ್ ಚಾಚಾನ ಮನೆಯ ಗೋಡೆಯೂ ಆಗಿತ್ತು. ಆ ಮನೆಯಲ್ಲಿ ಮೂವರು: ಚಾಚಾ, ಅವರ ಹೆಂಡತಿ ಜೈತುನ್ಬೀ ಚಾಚಿ, ಐದು ತಿಂಗಳ ಬಸುರಿಯಾಗಿದ್ದ ಸೊಸೆ ನೂರಜಹಾನ್. ಮಗ ಶಹಾಬುದ್ದೀನನಿಗೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. (ಮನೆಯೊಳಗೆ ಅವರು ಆಡುತ್ತಿದ್ದುದು ದಖ್ಖನಿ. ಇಲ್ಲಿ ಎಲ್ಲರೂ ಸೇಡಂ ಕನ್ನಡ ಆಡುತ್ತಾರೆ. ಅದು ನನ್ನ ಅನುಕೂಲ, ಅವರದಲ್ಲ.)

ಚಾಚಾನ ಅಣ್ಣ ಅಬ್ದುಲ್ ಮಜೀದ ಎರಡು ವರ್ಷದ ಹಿಂದೆ ಶಹಾಬಾದಿನಲ್ಲಿ ಕಲ್ಲಿನ ಗಣಿಯಿಂದ ಮನೆಗೆ ಬಂದವರು ಕೈಕಾಲು ತೊಳೆದು, ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ. ಐವತ್ತನಾಲ್ಕು ವಯಸ್ಸು. ಆ ಬೇಸಗೆಯ ಕೊನೆಗೆ ಚಾಚಾನಿಗೂ ಎದೆಯಲ್ಲಿ ಹಿಂಡಿದಂತಾಯಿತು. ಬಸ್ಸು ಹತ್ತಿ ಗುಲ್ಬರ್ಗಕ್ಕೆ ಹೋದರು. ಅಲ್ಲಿನ ಡಾಕ್ಟರು ಬಿ.ಪಿ. ಜಾಸ್ತಿ ಇದೆ ಎಂದು ಹೇಳಿ, ಮಾತ್ರೆ ಕೊಟ್ಟು, ಏನೇನು ಪಥ್ಯ ಮಾಡಬೇಕೆಂದು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದರು. ಬಾಯಲ್ಲೂ ಹೇಳಿದ್ದರಂತೆ. ಅಣ್ಣನ ಮುಖ ಕಣ್ಣ ಮುಂದೆ ಬಂದು ಚಾಚಾನಿಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಊರಿಗೆ ಬಂದವರು ಮನೆಗೂ ಹೋಗದೆ ನನ್ನ ಖೋಲಿಗೆ ಬಂದರು.

"ಮಾಸ್ತರ್, ಇದರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳ್ರಿ."

ಹಿಂದಿನ ಹೆಚ್ಚಿನ ಡ್ರಾಫ್ಟುಗಳಲ್ಲಿ ಇಲ್ಲಿಂದ ಮುಂದೆ ನಾನು ನಾಪತ್ತೆ. ಎಂಟನೆಯದರಲ್ಲಿ ಇದ್ದೇನೆ.

೨

ಡಾಕ್ಟರರ ಅಕ್ಷರ ಒಂದಕ್ಕೊಂದು ತೊಡರಿಕೊಂಡಿತ್ತು. 'ಮಟನ್' ಓದಲು ಬಂತು. 'ಫ್ಯಾಟ್' ಬಂತು. 'ಸ್ಟಾಪ್' ಬಂತು. ನಡುವಿನದು ಬರಲಿಲ್ಲ. ಬರಲಿಲ್ಲ ಎಂದು ಹೇಳಲು ಇಂಗ್ಲಿಷ್ ಮಾಸ್ತರನಿಗೆ ನಾಚಿಕೆ. ಇನ್ನೊಂದು ಕಾರಣವೂ ಇತ್ತು. ನಾನು ಹುಟ್ಟಿದಂದಿನಿಂದ ಮಾಂಸ ತಿಂದವನಲ್ಲ. ಆ ವಾರವೇ ಸ್ಟಾಫ್ ರೂಮಿನ ಯಾವುದೋ ಹಳೆಯ ಮ್ಯಾಗಝೀನಿನಲ್ಲಿ ಮಾಂಸದ ಕೇಡುಗಳ ಬಗ್ಗೆ ಎರಡು ಪುಟ ಓದಿದ್ದೆ. ಓದಿದ್ದನ್ನು ಯಾರಿಗಾದರೂ ಹೇಳಬೇಕೆಂದು ಬಾಯಿ ತುರಿಸುತ್ತಿತ್ತು.

"ಖಂಡ ಬಂದ್ ಮಾಡಬೇಕಂತ ಬರದಾರ, ಚಾಚಾ."

"ಪೂರಾ?"

"ಪೂರಾ. ಖಂಡ ರಕ್ತಾ ಕೆಡಸ್ತದ, ನರದಾಗ ಹೋಗಿ ಕುಂದರ್ತದ. ಈಗ ದೊಡ್ಡ ದೊಡ್ಡ ಡಾಕ್ಟರೆಲ್ಲ ಇದನ್ನೇ ಹೇಳಾಕತ್ಯಾರ."

ಚಾಚಾ ಸ್ವಲ್ಪ ಹೊತ್ತು ತಮ್ಮ ಅಂಗೈ ನೋಡಿಕೊಂಡರು. ಮೂವತ್ತು ವರ್ಷ ಕತ್ತಿ ಹಿಡಿದ ಅಂಗೈ.

"ಹಂಗಾರ ನಮ್ಮ ಮಜೀದ್ ಭಾಯಿನ್ನ ಇದೇ ತಿಂತೇನು?"

"ಇರಬಹುದು," ಅಂದೆ. ಎಷ್ಟು ಸಲೀಸಾಗಿ ಅಂದೆ.

೩

ಅಂದು ಸಂಜೆಯಿಂದಲೇ ಆ ಮನೆಯಲ್ಲಿ ಖಂಡ ಬಂದ್ ಆಯಿತು. ಚಾಚಾನಿಗೆ ಮಾತ್ರವಲ್ಲ, ಎಲ್ಲರಿಗೂ. ಗೋಡೆಯ ಆಚೆಯಿಂದ ಚಾಚಿಯ ದನಿ ಕೇಳುತ್ತಿತ್ತು.

"ನೀವ್ ಬಿಡ್ರಿ, ಬ್ಯಾಡ ಅನ್ನಲ್ಲ. ಸೊಸಿ ಬಸರದಾಳ. ನಾ ಶಹಾಬನ್ನ ಹೊತ್ತಾಗ ವಾರದಾಗ ಎರಡ ಸಲ ಕಲೇಜಿ ತಿಂದೀನಿ." (ಕಲೇಜಿ ಎಂದರೆ ಕುರಿಯ ಯಕೃತ್ತು, ಲಿವರ್.)

"ಆಗ ಯಾರಿಗಿ ಗೊತ್ತಿತ್ತು? ನನಗ ಜಹರ್ ಆದದ್ದು ಆಕಿ ಹೊಟ್ಟ್ಯಾಗಿನ ಕೂಸಿಗಿ ದವಾ ಆಗ್ತದೇನು?"

ಸೊಸೆಯ ಮೇಲಿನ ಪ್ರೀತಿಯಿಂದಲೇ ಆಡಿದ ಮಾತು ಅದು. ದಯವಿಟ್ಟು ಚಾಚಾನನ್ನು ಜಿಪುಣ ಮಾವ ಎಂದುಕೊಳ್ಳಬೇಡಿ. ಎರಡನೇ ಡ್ರಾಫ್ಟಿನಲ್ಲಿ ನಾನು ಹಾಗೆ ಮಾಡಿದ್ದೆ. ತಪ್ಪು ಅವರ ಮೇಲೆ ಹೋದರೆ ನನಗೆ ಹಗುರ.

ದುಕಾನಿನಲ್ಲಿ ಇನ್ನೂ ವಿಚಿತ್ರ. ಊರಿಗೆಲ್ಲ ವಿಷ ತೂಗಿಕೊಡುತ್ತಿದ್ದೇನೆ ಎಂದು ಅವರಿಗೆ ಅನಿಸತೊಡಗಿತು. ಹೈದರಾಬಾದ್ ಬಸ್ಸಿನ ಕಂಡಕ್ಟರ್ ಮಾಣಿಕಪ್ಪ ಅರ್ಧ ಕಿಲೋ ಕೇಳಿದರೆ ಕಾಲು ಕಿಲೋ ಕಟ್ಟಿಕೊಟ್ಟು, "ಸಾಕು, ನಿನಗೂ ಮಕ್ಕಳದಾರ," ಅಂದರಂತೆ. ಮಾಣಿಕಪ್ಪ ಇದನ್ನು ಬಸ್ಸಿನಲ್ಲೆಲ್ಲ ಹೇಳಿ ನಗಿಸಿದ. ನಾನೂ ನಕ್ಕೆ.

ಎರಡು ತಿಂಗಳು ಹೀಗೆ ಹೋಯಿತು. ಮಧ್ಯಾಹ್ನ ಶಾಲೆ ಬಿಟ್ಟು ಬಂದು ಮಲಗಿದಾಗ ಆಚೆ ಬದಿಯಿಂದ ಗೋಡೆ ಕೆರೆಯುವ ಸದ್ದು ಬರುತ್ತಿತ್ತು. ಇಲಿ ಇರಬೇಕೆಂದು ನಾನು ಎರಡು ಸಲ ಗೋಡೆ ಬಡಿದೆ. ಬಡಿದಾಗ ಸದ್ದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಶುರು.

(ಇಲ್ಲಿಂದ ನಂಬರು ಹಾಕುವುದಿಲ್ಲ. ನಂಬರು ಹಾಕಿದರೆ ಎಲ್ಲ ನನ್ನ ಹಿಡಿತದಲ್ಲಿದೆ ಎಂಬ ಭಾವನೆ ಬರುತ್ತದೆ. ಇರಲಿಲ್ಲ.)

ಆಗಸ್ಟಿನ ಒಂದು ಬೆಳಿಗ್ಗೆ ನಳದ ಹತ್ತಿರ ಕೊಡ ಎತ್ತಲು ಹೋಗಿ ನೂರಜಹಾನ್ ಕುಸಿದು ಬಿದ್ದಳು. ಚಾಚಾ ದುಕಾನಿಗೆ ಹೋಗಿದ್ದರು. ಚಾಚಿ ಮತ್ತು ನಾನು ಸೇರಿ ಟಾಂಗಾದಲ್ಲಿ ಆಕೆಯನ್ನು ದವಾಖಾನೆಗೆ ಕರೆದೊಯ್ದೆವು. ಅವರು ಒಳಗೆ ಹೋದರು. ನಾನು ಬಾಗಿಲ ಪರದೆಯ ಹೊರಗೆ ನಿಂತೆ; ಸಂದಿಯಿಂದ ಒಳಗಿನದು ಅಷ್ಟಿಷ್ಟು ಕಾಣುತ್ತಿತ್ತು.

ಡಾಕ್ಟರಮ್ಮ ನೂರಜಹಾನಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷೆಗೆ ಕೊಟ್ಟರು. ಫಲಿತಾಂಶ ಬಂದ ಮೇಲೆ ಅವರ ದನಿ ಬದಲಾಯಿತು.

"ರಕ್ತ ಆರು ಗ್ರಾಂ ಅದ. ಇರಬೇಕಾದ್ದರಾಗ ಅರ್ಧಾ ಅಂದ್ರ ಅರ್ಧಾ. ಏನ್ ತಿಂತಿಯವ್ವಾ ನೀನು?"

"ರೊಟ್ಟಿ, ಬ್ಯಾಳಿ," ಅಂದಳು ನೂರಜಹಾನ್. ಸ್ವಲ್ಪ ತಡೆದು, "ಮತ್ತ ಗೋಡಿ ಸುಣ್ಣ," ಅಂದಳು.

ನಾನು ಇಲಿ ಎಂದುಕೊಂಡಿದ್ದು ಅವಳ ಉಗುರು.

"ರಕ್ತ ಕಡಿಮಿ ಆದವರಿಗಿ ಮಣ್ಣು, ಸುಣ್ಣ ತಿನಬೇಕನಸ್ತದ," ಎಂದರು ಡಾಕ್ಟರಮ್ಮ. "ಹೆರಿಗ್ಯಾಗ ಇದ್ದ ರಕ್ತಾನೂ ಹೋದ್ರ ನಾ ಏನ್ ಹಿಡಿದು ನಿಲ್ಲಿಸ್ಲಿ? ಇನ್ನಾ ಎರಡು ತಿಂಗಳಷ್ಟೇ ಅದ. ಮಟನ್ ದುಕಾನದವರ ಮನಿ ಸೊಸಿಗಿ ಈ ಗತಿನಾ?"

ಅಷ್ಟರಲ್ಲಿ ಸುದ್ದಿ ತಿಳಿದು ಚಾಚಾ ಓಡುತ್ತ ಬಂದರು. ನನ್ನನ್ನು ನೋಡಿದರು, ಪರದೆ ಸರಿಸಿ ಒಳಗೆ ಹೋದರು. ಅಂಗಿಯ ಕಿಸೆಯಲ್ಲಿ ಆ ಚೀಟಿ ಇತ್ತು. ತಾಯಿತದಂತೆ ಜೊತೆಗಿಟ್ಟುಕೊಂಡು ತಿರುಗುತ್ತಿದ್ದರು.

"ಖಂಡ ಜಹರಂತ ಇದರಾಗ ಬರದಾರಲ್ರೀ ಡಾಕ್ಟರ್‌ಸಾಬ್."

ಡಾಕ್ಟರಮ್ಮ ಚೀಟಿಯನ್ನು ಗಟ್ಟಿಯಾಗಿ ಓದಿದರು. ಪರದೆಯ ಆಚೆ ನನಗೆ ಒಂದೊಂದು ಅಕ್ಷರವೂ ಕೇಳಿತು.

"ಚರ್ಬಿ ಕಡಿಮಿ ಮಾಡ್ರಿ. ಚರ್ಬಿ ತೆಗದ ಖಂಡ ವಾರಕ್ಕ ಒಂದೆರಡು ಸಲ, ಸ್ವಲ್ಪ ತಿನ್ರಿ. ಉಪ್ಪು ಕಡಿಮಿ. ದಿನಾ ನಡೀರಿ. ಬಂದ್ ಮಾಡ್ರಿ ಅಂತ ಬರದಿದ್ದು ಬೀಡಿಗಿ. ಬೀಡಿ ಬಿಟ್ಟೀರೇನು?"

ಚಾಚಾ ಬಿಟ್ಟಿರಲಿಲ್ಲ. ಖಂಡದ ಆಸೆ ಮರೆಯಲು ಮೊದಲಿಗಿಂತ ಒಂದು ಕಟ್ಟು ಹೆಚ್ಚಿಗೆ ಸೇದುತ್ತಿದ್ದರು.

"ಯಾರು ಓದಿ ಹೇಳಿದ್ರು ನಿಮಗ?" ಡಾಕ್ಟರಮ್ಮ ಕೇಳಿದರು.

ನಾನು ಪರದೆಯಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಯಾರೂ ಇಲ್ರಿ," ಅಂದರು ಚಾಚಾ. "ನನಗ ಓದಾಕ ಬರಲ್ಲ. ನಾನೇ ಅಂದಾಜಿಲೆ ತಿಳ್ಕೊಂಡೆ."

ಓದುಗರೇ, ಆ ಪರದೆ ಸರಿಸಿ ನಾನು ಒಳಗೆ ಹೋದೆ ಎಂದು ಐದನೇ ಡ್ರಾಫ್ಟಿನಲ್ಲಿ ಬರೆದಿದ್ದೆ. ಹೋಗಿ, ತಲೆಬಾಗಿ, ತಪ್ಪೊಪ್ಪಿಕೊಂಡೆ ಎಂದು. ಬಹಳ ಸುಂದರವಾಗಿ ಬಂದಿತ್ತು. ನಾನು ಹೋಗಲಿಲ್ಲ.

ಡಾಕ್ಟರಮ್ಮ ಬೈಯುವುದು ಬಿಟ್ಟು ಕುರ್ಚಿ ತೋರಿಸಿದರು. "ಕುಂದ್ರಿ. ಅದು ಜಹರೂ ಅಲ್ಲ, ಅಮೃತಾನೂ ಅಲ್ಲ. ಯಾರು ತಿಂತಾರ, ಎಷ್ಟು ತಿಂತಾರ, ಅದನ್ನ ನೋಡಬೇಕು. ನಿಮಗ ಐವತ್ತು ದಾಟ್ಯದ, ಬಿ.ಪಿ. ಅದ. ದಿನಾ ಚರ್ಬಿ ತಿಂದ್ರ ಕೆಡ್ತದ. ಈಕಿಗಿ ಇಪ್ಪತ್ತು, ಹೊಟ್ಟ್ಯಾಗ ಕೂಸದ, ರಕ್ತಿಲ್ಲ. ಈಕಿಗಿ ಬೇಕು. ಬರೇ ಖಂಡದಿಂದ ಆಗಲ್ಲ, ಮಾತ್ರೆ, ಸೂಜಿ ಕೊಡ್ತೀನಿ. ತಪ್ಪಲ ಪಲ್ಯಾನೂ ತಿನಬೇಕು. ಖಂಡ ಪೂರಾ ಬೇಯಿಸ್ರಿ, ಹಸಿಬಿಸಿ ತಿಂದ್ರ ಹೊಟ್ಟ್ಯಾಗ ಹುಳ ಆಗ್ತಾವ."

ಮರುದಿನ ನಾನು ಚಾಚಾನ ದುಕಾನಿನ ಮುಂದೆ ಹೋಗಿ ನಿಂತೆ. ಬಾಯಿ ಬಿಡುವ ಮೊದಲೇ ಅವರು, "ಆಗ್ಲಿ ಬಿಡ್ರಿ ಮಾಸ್ತರ್," ಅಂದರು. ಚಾಚಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. ನನ್ನ ಖೋಲಿಯ ಬಾಗಿಲಲ್ಲಿ ನಿಂತು, ದನಿ ಏರಿಸದೆ ಹೇಳಿದರು:

"ಓದಾಕ ಬರಲಿಲ್ಲಂದ್ರ ಬರಲಿಲ್ಲ ಅನಬೇಕಿತ್ತು. ನಿಮ್ಮ ಬಾಯಾಗಿನ ಮಾತು ನನ್ನ ಸೊಸಿ ಗೋಡಿ ತಿನ್ನಂಗ ಮಾಡ್ತು."

ನಾನು ಕೂತಲ್ಲೇ ಆ ಗೋಡೆಯ ಕಡೆ ತಿರುಗಿದೆ.

ಅಲ್ಲಿಂದ ಒಲೆಯ ಮೇಲೆ ಎರಡು ಪಾತ್ರೆ. ಒಂದರಲ್ಲಿ ನೂರಜಹಾನಳಿಗೆ ವಾರಕ್ಕೊಮ್ಮೆ ಕಲೇಜಿ, ಉಳಿದ ದಿನ ಕಿಮಾ ಇಲ್ಲವೇ ತತ್ತಿ, ಜೊತೆಗೆ ಮೆಂತ್ಯೆಪಲ್ಯ. ಇನ್ನೊಂದರಲ್ಲಿ, ಶುಕ್ರವಾರ ಮಾತ್ರ, ಚಾಚಾನಿಗೆ ನಾಲ್ಕು ತುಂಡು. ಆ ತುಂಡುಗಳ ಚರ್ಬಿಯನ್ನು ಅವರೇ ಬಿಡಿಸುತ್ತಿದ್ದರು. ಎಷ್ಟು ನಾಜೂಕಾಗಿ ಎಂದರೆ, ಬಿಳಿಯದು ಒಂದು ಎಳೆಯೂ ಉಳಿಯುತ್ತಿರಲಿಲ್ಲ. ಬೀಡಿ ಬಿಟ್ಟರು, ಮೂರು ವಾರ ಎಲ್ಲರ ಮೇಲೂ ಸಿಡುಕಿದರು. ಬೆಳಿಗ್ಗೆ ಊರ ಹೊಳೆಯ ದಂಡೆಯವರೆಗೆ ನಡೆಯತೊಡಗಿದರು. ಜೊತೆಗೆ ನಾನೂ. ದಾರಿಯುದ್ದಕ್ಕೂ ನಾವು ಚೀಟಿಯ ಮಾತೆತ್ತಲಿಲ್ಲ. ದವಾಖಾನೆಯಲ್ಲಿ ನೂರಜಹಾನಳ ರಕ್ತ ಏಳೂವರೆ ಆಯಿತು, ಎಂಟೂವರೆ ಆಯಿತು. ಒಂಬತ್ತೂವರೆ ಆದ ದಿನ ಚಾಚಾ ಮಾಣಿಕಪ್ಪನಿಗೆ ಕೇಳಿದ್ದಕ್ಕಿಂತ ಒಂದು ತುಂಡು ಹೆಚ್ಚಿಗೆ ಹಾಕಿದರು.

ಅಕ್ಟೋಬರ್ ಕೊನೆಯ ವಾರ ಹೆರಿಗೆ ನೋವು ಶುರುವಾಯಿತು.

ಈಗ ಒಂದು ಮುಕ್ತಾಯ: ರಕ್ತ ನಿಲ್ಲಲಿಲ್ಲ. ನೂರಜಹಾನ್ ಸತ್ತಳು. ಮಾಸ್ತರ ಬದುಕಿಡೀ ಆ ಗೋಡೆ ನೋಡುತ್ತ ಕೂತ. ಹೀಗೆ ಬರೆದರೆ ಕಥೆಗೆ ತೂಕ ಬರುತ್ತದೆ, ಗೊತ್ತು. ಬರೆದೆ ಕೂಡ. ಆದರೆ ಬರೆಯುವಾಗಲೆಲ್ಲ ಚಾಚಿ ನನ್ನ ತಲೆಯೊಳಗೆ ಬಂದು ಕೂರುತ್ತಾರೆ.

"ಒಮ್ಮೆ ತಪ್ಪು ಓದಿ ಆಕಿನ್ನ ಸಾಯಿಸಾಕ ಹೋಗಿದ್ರಿ. ಈಗ ತಪ್ಪು ಬರದು ಸಾಯಿಸ್ತೀರೇನು?"

ಇಲ್ಲ ಚಾಚಿ. ಆದದ್ದನ್ನೇ ಬರೆಯುತ್ತೇನೆ.

ಆದದ್ದು ಇದು. ಬೆಳಿಗ್ಗೆ ಒಂಬತ್ತಕ್ಕೆ ದವಾಖಾನೆಯೊಳಗೆ ಹೋದಳು. ಚಾಚಾ, ವಾಡಿಯಿಂದ ಬಂದ ಶಹಾಬುದ್ದೀನ, ನಾನು ಹೊರಗಿನ ಬೇವಿನ ಗಿಡದ ಕೆಳಗೆ. ಹನ್ನೊಂದಕ್ಕೆ ಒಳಗಿನಿಂದ ಒಬ್ಬ ನರ್ಸ್ ಓಡಿಬಂದು ಬಿಸಿನೀರು ಒಯ್ದಳು. ಹನ್ನೆರಡಕ್ಕೆ ಒಂದು ಕೂಸಿನ ಅಳು ಕೇಳಿತು. ನಾವು ಎದ್ದು ನಿಂತೆವು. ಯಾರೂ ಹೊರಗೆ ಬರಲಿಲ್ಲ. ಆ ಇಪ್ಪತ್ತು ನಿಮಿಷದ ಬಗ್ಗೆ ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ; ಶಹಾಬುದ್ದೀನ ಗಿಡದ ತೊಗಟೆ ಕೀಳುತ್ತಿದ್ದ, ಅಷ್ಟು ನೆನಪಿದೆ.

ಡಾಕ್ಟರಮ್ಮ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದರು.

"ಹೆಣ್ಣು. ತಾಯಿಗಿ ರಕ್ತ ಸ್ವಲ್ಪ ಜಾಸ್ತಿ ಹೋಯ್ತು, ನಿಂತದ. ತಡಕೊಂಡಾಳ. ಎರಡು ತಿಂಗಳ ಹಿಂದಾಗಿದ್ರ ತಡೀತಿರಲಿಲ್ಲ."

ಚಾಚಾ ಇದ್ದಲ್ಲೇ ಕೂತರು. ಎದೆ ಹಿಡಿದುಕೊಂಡರು. ನಾನು ಗಾಬರಿಯಾಗಿ ಭುಜ ಹಿಡಿದೆ.

"ಏನಿಲ್ಲ ಮಾಸ್ತರ್," ಅಂದರು. "ಉಸರು ಈಗ ಸರಳ ಆಡಾಕತ್ತದ." ಆಮೇಲೆ ಅತ್ತರು. ನಾನೂ.

ನಂತರ ಡಾಕ್ಟರಮ್ಮನ ಮುಂದೆ ಹೋಗಿ, ಚೀಟಿ ಓದಿದವನು ನಾನು ಎಂದು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೊತ್ತಿತ್ತು. ಪರದಿ ಕೆಳಗ ನಿಮ್ಮ ಚಪ್ಪಲ್ ಹಿಂದ ಸರದದ್ದು ಕಾಣಸ್ತು," ಅಂದರು.

ಇನ್ನೊಂದು ಮುಕ್ತಾಯವೂ ಇದೆ: ಪಶ್ಚಾತ್ತಾಪದಿಂದ ಮಾಸ್ತರನೂ ಮಾಂಸ ತಿನ್ನಲು ಶುರುಮಾಡಿದ. ಕೆಲವು ಓದುಗರಿಗೆ ಇದು ಹಿಡಿಸಬಹುದು. ಆದರೆ ಅದು ಸುಳ್ಳು. ಚಾಚಾನೇ ಒಪ್ಪುವುದಿಲ್ಲ: "ನಿಮಗ ಯಾರ್ ತಿನ್ನಂದ್ರು? ನಿಮ್ಮ ಬ್ಯಾಳಿ ನೀವು ತಿನ್ರಿ. ನಮಗ ಬ್ಯಾಡಂತ ಹೇಳಬ್ಯಾಡ್ರಿ, ಅಷ್ಟೇ."

ಮೂರನೆಯ ಮುಕ್ತಾಯದಲ್ಲಿ ಮಾಂಸ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡಬೇಕಿತ್ತು. ಕೊಡುವುದಿಲ್ಲ. ಒಮ್ಮೆ ಕೊಟ್ಟು ನೋಡಿದ್ದೇನೆ.

ಹಾಗಾದರೆ ಎಲ್ಲಿ ನಿಲ್ಲಿಸಲಿ? ಕೂಸು ಹುಟ್ಟಿದ ನಲವತ್ತನೆಯ ದಿನ ಅವರ ಮನೆಯಲ್ಲಿ ಊಟವಿತ್ತು. ನನ್ನನ್ನೂ ಕರೆದಿದ್ದರು. ಹೋಗಲು ಹಿಂಜರಿದೆ, ಚಾಚಿ ಬಾಗಿಲಿಗೇ ಬಂದು, "ಬರ್ರಿ, ರೊಟ್ಟಿ ಆರಾಕತ್ತಾವ," ಅಂದರು. ಮೂರು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು ಅದು. ಒಂದೇ ಹಾಸಿನ ಸುತ್ತ ಕೂತೆವು. ನೂರಜಹಾನಳ ಮುಂದೆ ಕಲೇಜಿ. ಚಾಚಾನ ಮುಂದೆ ನಾಲ್ಕು ತುಂಡು, ತೆಳ್ಳನೆಯ ಶೋರ್ವಾ ಸಾರು. ನನ್ನ ಮುಂದೆ ಬೇರೆ ಪಾತ್ರೆಯಲ್ಲಿ ಮಾಡಿದ ಪುಂಡಿಪಲ್ಯ. ಕೂಸು ಅಜ್ಜಿಯ ತೊಡೆಯ ಮೇಲೆ, ಒಂದು ಮುಷ್ಟಿ ಬಾಯಲ್ಲಿ.

ಆಮೇಲೆ ಏನಾಯಿತು, ಚಾಚಾ ಎಷ್ಟು ವರ್ಷ ಬಾಳಿದರು, ನನಗೆ ಕುಂಚಾವರಂಗೆ ವರ್ಗವಾದಾಗ ಯಾರು ಏನು ಅಂದರು ಎಂದು ನೀವು ಕೇಳಬಹುದು. ಸ್ವಲ್ಪ ತಡೆಯಿರಿ. ಇನ್ನೂ ಯಾರದೂ ತಾಟು ಖಾಲಿಯಾಗಿಲ್ಲ, ಚಾಚಿ ಮತ್ತೊಂದು ರೊಟ್ಟಿ ಹಾಕುತ್ತಿದ್ದಾರೆ. ಊಟಕ್ಕೆ ಕೂತವರನ್ನು ನಡುವೆ ಎಬ್ಬಿಸಿ ಕಥೆ ಮುಗಿಸುವುದು ನನ್ನಿಂದಾಗದು.